ಚದುರಂಗದ ಸಮಸ್ಯೆಯೂ ಉತ್ತರದ ಗುಂಡಿಯೂ

ಕೈಯಲ್ಲಿ ಫೋನು ಕಂಡೊಡನೆ “ಹುಡುಗ ಕೆಟ್ಟ” ಎಂದು ತೀರ್ಪು ಕೊಡುವ ಹಿರಿಯರು ನಮ್ಮ ರಾವೂರದಲ್ಲಿ ಬಹಳ ಮಂದಿ ಇದ್ದಾರೆ. ಅವರ ಅಂಜಿಕೆ ನಿರಾಧಾರವೆಂದು ನಾನು ಹೇಳಲಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಆದರೆ ಎಲ್ಲ ಆಟಗಳನ್ನೂ ಒಂದೇ ಗೂಟಕ್ಕೆ ಕಟ್ಟುವುದು ನ್ಯಾಯವಲ್ಲ.

2010ರಲ್ಲಿ ಫ್ರಾನ್ಸಿನ ತಿಬೋ ಡುಪ್ಲೆಸಿ ಎಂಬವರು ಆರಂಭಿಸಿದ ‘ಲಿಚೆಸ್’ ಎಂಬ ಚದುರಂಗದ ತಾಣವನ್ನೇ ನೋಡಿರಿ. ಶುಲ್ಕವಿಲ್ಲ, ಜಾಹೀರಾತಿಲ್ಲ, ಯಾವ ದೇಶದವನೊಡನೆಯಾದರೂ ಕುಳಿತಲ್ಲಿಂದಲೇ ಆಡಬಹುದು. ಆ ಆಟಕ್ಕಿಂತಲೂ ನನಗೆ ಪ್ರಿಯವಾದುವು ಅದರೊಳಗಿನ ಸಮಸ್ಯೆಗಳು. ಜನರು ನಿಜವಾಗಿ ಆಡಿದ ಆಟಗಳಿಂದ ಆಯ್ದ ಸನ್ನಿವೇಶಗಳಿವು. ಮುಂದಿನ ಸರಿಯಾದ ನಡೆಗಳನ್ನು ನಾವು ಕಂಡುಹಿಡಿಯಬೇಕು.

ಒಂದು ಮಾದರಿಯನ್ನು ಹೇಳುತ್ತೇನೆ. 1497ರಲ್ಲಿ ಸ್ಪೇನಿನ ಲೂಸೆನಾ ಬರೆದ ಪುಸ್ತಕದಲ್ಲಿಯೇ ಇದು ಇದೆ. ಎದುರಾಳಿಯ ರಾಜ ಮೂಲೆಯಲ್ಲಿ, ತನ್ನದೇ ಪ್ಯಾದೆಗಳ ಮರೆಯಲ್ಲಿ ನಿಂತಿದ್ದಾನೆ. ನಮ್ಮ ವಜೀರನನ್ನು ಅವನ ಪಕ್ಕದ ಮನೆಗೇ ಕಳಿಸಿ ಶಹ ಕೊಡಬೇಕು! ಆ ಮನೆಯನ್ನು ನಮ್ಮ ಕುದುರೆ ಕಾಯುತ್ತಿರುವುದರಿಂದ ರಾಜ ವಜೀರನನ್ನು ಹೊಡೆಯುವಂತಿಲ್ಲ. ಆನೆಯೇ ಬಂದು ಹೊಡೆಯಬೇಕು. ಹಾಗೆ ಬಂದ ಆನೆ ರಾಜನ ಕಡೆಯ ದಾರಿಯನ್ನೂ ಮುಚ್ಚುತ್ತದೆ. ಈಗ ಕುದುರೆ ಜಿಗಿದು ಶಹ ಕೊಟ್ಟರೆ ಆಟ ಮುಗಿಯಿತು. ಓದಲು ಇದು ಸುಲಭ. ತಾನಾಗಿ ಕಾಣುವುದು ಕಷ್ಟ, ಏಕೆಂದರೆ ವಜೀರನನ್ನು ಕಳೆದುಕೊಳ್ಳಲು ಯಾರ ಮನಸ್ಸೂ ಒಪ್ಪದು.

ಪರದೆಯ ಮೇಲೆ ಉತ್ತರ ತೋರಿಸುವ ಗುಂಡಿಯೊಂದಿದೆ. ಅದನ್ನು ಒತ್ತಿ ಒತ್ತಿ ದಿನಕ್ಕೆ ಐವತ್ತು ಸಮಸ್ಯೆ ಮುಗಿಸುವ ಮಿತ್ರರನ್ನು ನಾನು ಬಲ್ಲೆ. (ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಹುಡುಕುವವರೂ ಇವರೇ ಎಂದರೆ ಕೋಪಿಸಿಕೊಳ್ಳಬಾರದು.) ನನ್ನ ಪದ್ಧತಿ ಬೇರೆ. ನಮ್ಮೂರಲ್ಲಿ ಫರ್ಸಿಗೆ ಬರವಿಲ್ಲ. ಅಂಗಳದ ಫರ್ಸಿಯ ಮೇಲೆ ಸೀಮೆಸುಣ್ಣದಿಂದ 64 ಮನೆ ಬರೆದು, ಕಾಯಿಗಳ ಹೆಸರು ಗೀಚಿದ ಕಾಗದದ ಚೂರುಗಳನ್ನಿಟ್ಟು, ಫೋನನ್ನು ಬೋರಲು ಹಾಕಿ ಕುಳಿತುಕೊಳ್ಳುತ್ತೇನೆ. ಶಹ ಕೊಡುವ ನಡೆ ಯಾವುದು? ಹೊಡೆಯುವ ನಡೆ ಯಾವುದು? ಆಮೇಲೆ ಎದುರಾಳಿಗೆ ಉಳಿಯುವ ಉತ್ತರವೇನು? ಕಡೆಯ ನಡೆಯವರೆಗೂ ಕಂಡ ಮೇಲೆಯೇ ಪರದೆ ಮುಟ್ಟುವುದು. ಒಂದೇ ಸಮಸ್ಯೆಗೆ ಎರಡು ದಿನ ಹಿಡಿದದ್ದೂ ಉಂಟು. ಆ ಎರಡು ದಿನ ವ್ಯರ್ಥವೆಂದು ನನಗನಿಸಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ದಾರಿಗಳನ್ನು ರಚಿಸಿದ್ದರು. ಅವರಿಗೆ ಯಾವ ಗುಂಡಿ ಇತ್ತು? ಅರಸರ ಮಾತು ಹಾಗಿರಲಿ. ದೊಡ್ಡ ಪಟ್ಟಣದ ಹುಡುಗನಿಗೆ ಚದುರಂಗ ಕಲಿಸಲು ಶಿಕ್ಷಕರು ಸಿಗುತ್ತಾರೆ; ಹಳ್ಳಿಯಿಂದ ಬರುವ ನಮ್ಮಂಥವರಿಗೆ ಈ ಸಮಸ್ಯೆಗಳೇ ಶಿಕ್ಷಕರು. ಆ ಪಾಠವನ್ನೂ ನಾವೇ ಗುಂಡಿಯೊತ್ತಿ ಕಳೆದುಕೊಂಡರೆ ಹಿರಿಯರ ತೀರ್ಪಿಗೆ ನಮ್ಮಲ್ಲಿ ಉತ್ತರವಿರದು.

ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನದೊಂದು ಅರಿಕೆ. ನಮ್ಮ ವಾಚನಾಲಯದ ಹೊರಗೆ ಒಂದು ಕರಿಹಲಗೆ ಇಡಿಸಿ, ಸೋಮವಾರಕ್ಕೊಂದು ಸಮಸ್ಯೆ ಬರೆಯಲು ಅಪ್ಪಣೆ ಕೊಡಬೇಕು. ಉತ್ತರ ಶನಿವಾರ. ನಡುವಿನ ನಾಲ್ಕು ದಿನ ಯಾರೂ ಪಿಸುಗುಟ್ಟಬಾರದು, ಅಧ್ಯಾಪಕರು ಸಹ. ಸೀಮೆಸುಣ್ಣ ನಾನೇ ತರುತ್ತೇನೆ.