ಮೋಟ್ರು ಸುಟ್ಟಿದ್ದ ಬುಟ್ಟು ಲೆಕ್ಕ

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಹತ್ರ ವರ್ಷದ ಲೆಕ್ಕ ಕೇಳಿದೆ. ಮಳವಳ್ಳಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಮಗಿರೋದು ಎರಡು ಎಕರೆ. ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಕಬ್ಬು. ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದನ್ನು ಅಪ್ಪ ತೋರಿಸಿದ. ಕೊನೇ ಸಾಲಿನಲ್ಲಿ ಹನ್ನೊಂದು ಸಾವಿರ ನಷ್ಟ.

"ಮೋಟ್ರು ಸುಟ್ಟೋಯ್ತಲ್ಲ, ಅದ್ಕೇ ಹದ್ನೆಂಟು ಸಾವ್ರ. ಅದ ಬುಟ್ಟು ಲೆಕ್ಕ ಹಾಕುದ್ರೆ ಏಳು ಸಾವ್ರ ಲಾಭವೇ ಕಣ್ಲಾ" ಅಂತ ನಕ್ಕ.

ನಕ್ಕಿದ್ದು ಯಾಕಂದ್ರೆ ಅವನಿಗೂ ಗೊತ್ತು. ಈ ವರ್ಷ ಮೋಟ್ರು, ಹೋದ ವರ್ಷ ಹಂದಿ ಕಾಟ, ಅದರ ಹಿಂದೆ ನಾಲೆಗೆ ನೀರಿಲ್ಲ. ಬಿಟ್ಟು ಲೆಕ್ಕ ಹಾಕೋದಕ್ಕೆ ಪ್ರತಿ ವರ್ಷವೂ ಏನೋ ಒಂದು ಸಿಕ್ಕೇ ಸಿಗುತ್ತೆ. ಇದನ್ನೇ ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ "ಮೋಟ್ರು ಬಿಟ್ಟು ನೋಡಿ ಸಾರ್" ಅಂದ್ರೆ ಒಪ್ತಾರಾ? ಭತ್ತದಂಥ ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದರೆ ಅದು ಎನ್‌ಪಿಎ, ಅಂದ್ರೆ ಕೆಟ್ಟ ಸಾಲ. ಕಾರಣ ಯಾರೂ ಕೇಳಲ್ಲ.

ಆದರೆ ಬ್ಯಾಂಕುಗಳು ಷೇರುದಾರರ ಮುಂದೆ ನಿಂತಾಗ ಅಪ್ಪನ ಲೆಕ್ಕವನ್ನೇ ಹೇಳ್ತವೆ. ಅಪ್ಪನಂಗೆ ನಗೋದಿಲ್ಲ, ಅಷ್ಟೇ.

ಒಂದು ಉದಾಹರಣೆ ನೋಡಿ. 2024ರ ಫೆಬ್ರವರಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಮೂರು ತಿಂಗಳ ಫಲಿತಾಂಶ ಕೊಟ್ಟಿತು. ನಮ್ಮ ಮಂಡ್ಯದವರ 'ಮೈಸೂರು ಬ್ಯಾಂಕ್' 2017ರಲ್ಲಿ ಸೇರಿಹೋಗಿದ್ದು ಇದರೊಳಗೇ. ನಿವ್ವಳ ಲಾಭ 9,164 ಕೋಟಿ. ಹಿಂದಿನ ವರ್ಷದ ಅದೇ ಅವಧಿಗಿಂತ 35 ಪರ್ಸೆಂಟು ಕಮ್ಮಿ. ಪಕ್ಕದಲ್ಲೇ ಇನ್ನೊಂದು ಅಂಕಿ: ಪಿಂಚಣಿ ಮತ್ತು ತುಟ್ಟಿಭತ್ಯೆಗೆ ಒಂದೇ ಸಲ ಎತ್ತಿಟ್ಟ 7,100 ಕೋಟಿ ಬಿಟ್ಟು ನೋಡಿದರೆ 16,264 ಕೋಟಿ. ಈಗ ಅದು 14 ಪರ್ಸೆಂಟಿಗೂ ಹೆಚ್ಚಿನ ಏರಿಕೆ! ಒಂದೇ ಬ್ಯಾಂಕು, ಅದೇ ಮೂರು ತಿಂಗಳು. ಒಂದು ಸಾಲಲ್ಲಿ ಬಿದ್ದಿದೆ, ಇನ್ನೊಂದು ಸಾಲಲ್ಲಿ ಎದ್ದಿದೆ.

ಇದು ಮೋಸ ಅಂತ ನಾನು ಹೇಳ್ತಿಲ್ಲ. ಎರಡೂ ಅಂಕಿ ಬಹಿರಂಗವಾಗೇ ಇದ್ದವು. ಆ ಖರ್ಚು ಮೂರು ತಿಂಗಳ ವ್ಯಾಪಾರದ್ದಲ್ಲ, ಬಿಟ್ಟು ನೋಡಿದರೆ ವ್ಯಾಪಾರ ಹೇಗಿದೆ ಅಂತ ತಿಳಿಯುತ್ತೆ ಅನ್ನೋ ವಾದವೂ ಸರಿಯೇ. ನನ್ನ ತಕರಾರು ಬೇರೆ: ಈ ನ್ಯಾಯ ಬಂದ ದುಡ್ಡಿಗೆ ಯಾಕಿಲ್ಲ? 2025ರ ಜುಲೈ–ಸೆಪ್ಟೆಂಬರಿನಲ್ಲಿ ಇದೇ ಬ್ಯಾಂಕಿನ ನಿವ್ವಳ ಲಾಭ 20,160 ಕೋಟಿ, ಸುಮಾರು 10 ಪರ್ಸೆಂಟು ಏರಿಕೆ. ಅದರೊಳಗೆ ಯೆಸ್ ಬ್ಯಾಂಕಿನ ಷೇರು ಮಾರಿ ಬಂದ, ತೆರಿಗೆ ಕಳೆಯುವ ಮುಂಚಿನ 4,593 ಕೋಟಿಯೂ ಇತ್ತು. ಬೇರೆ ಸಾಲಿನಲ್ಲಿ ತೋರಿಸಿತ್ತು, ನಿಜ. ಆದರೆ ತಲೆಬರಹಕ್ಕೆ ಬಂದದ್ದು 20,160. ಹಸು ಮಾರಿದ ದುಡ್ಡನ್ನು ಹಾಲಿನ ಲೆಕ್ಕಕ್ಕೆ ಸೇರಿಸಿದಂಗೆ.

ಇನ್ನು ಕೆಟ್ಟ ಸಾಲದ ಲೆಕ್ಕ. ಸಾಲ ಕೆಟ್ಟಾಗ ಬ್ಯಾಂಕು ಮುಂಜಾಗ್ರತೆಗೆ ಲಾಭದಿಂದ ಎಷ್ಟು ಎತ್ತಿಟ್ಟಿದೆ ಅನ್ನೋದಕ್ಕೆ ಪ್ರಾವಿಷನ್ ಕವರೇಜ್ ಅಂತಾರೆ. 2024ರ ಮಾರ್ಚಿನಲ್ಲಿ ಎಸ್‌ಬಿಐನದು 75.02 ಪರ್ಸೆಂಟು. ರೈಟ್-ಆಫ್ ಮಾಡಿ ಪುಸ್ತಕದಿಂದ ತೆಗೆದ ಸಾಲಗಳನ್ನೂ ಸೇರಿಸಿಕೊಂಡರೆ 91.89! ತೆಗೆದ ಸಾಲಕ್ಕೆ ಪೂರ್ತಿ ಎತ್ತಿಟ್ಟಿರ್ತಾರೆ, ಹಾಗಾಗಿ ಸೇರಿಸಿದಷ್ಟೂ ಅಂಕಿ ಮೇಲೇರುತ್ತೆ. ಈ ಬ್ಯಾಂಕು ಎರಡನ್ನೂ ಅಚ್ಚು ಹಾಕುತ್ತೆ. ಸ್ಲೈಡಿನಲ್ಲಿ ಬರೀ ದೊಡ್ಡದು ಕಂಡರೆ ನಿವ್ವಳ ಎನ್‌ಪಿಎಯನ್ನು ಒಟ್ಟು ಎನ್‌ಪಿಎಯಿಂದ ನೀವೇ ಭಾಗಿಸಿ: 0.57 ಭಾಗಿಸು 2.24, ಸುಮಾರು ಕಾಲು ಭಾಗ. ಅಂದ್ರೆ ಮುಕ್ಕಾಲಿಗೆ ಮಾತ್ರ ರಕ್ಷಣೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ರೈಟ್-ಆಫ್ ಅಂದ್ರೆ ಸಾಲ ಮನ್ನಾ ಅಲ್ಲ, ವಸೂಲಿ ನಡೀತಾನೇ ಇರುತ್ತೆ ಅಂತ ಬ್ಯಾಂಕಿನವರು ಹೇಳ್ತಾರೆ. ಒಪ್ಪಿದೆ. ಆದರೆ ಹತ್ತು ವರ್ಷದಲ್ಲಿ 16.35 ಲಕ್ಷ ಕೋಟಿ ರೈಟ್-ಆಫ್ ಆಗಿದೆ ಅಂತ 2025ರಲ್ಲಿ ಸರ್ಕಾರವೇ ಲೋಕಸಭೆಗೆ ಹೇಳಿದೆ. ಒಟ್ಟು ಎನ್‌ಪಿಎ ಇಳಿದಾಗ ವಸೂಲಾಗಿ ಇಳಿದದ್ದೆಷ್ಟು, ಪುಸ್ತಕದಿಂದ ತೆಗೆದು ಇಳಿದದ್ದೆಷ್ಟು? ಇದನ್ನು ಕೇಳದೆ 'ಸಾಲದ ಗುಣಮಟ್ಟ ಸುಧಾರಿಸಿದೆ' ಅಂತ ನಂಬೋದು ಕಸವನ್ನು ಮಂಚದ ಕೆಳಗೆ ಗುಡಿಸಿದವರಿಗೆ ಶಭಾಷ್ ಅಂದಂಗೆ.

ಇಷ್ಟು ಯಾಕೆ ಕೂಗಾಡ್ತೀನಿ ಅಂದ್ರೆ, ತಪ್ಪು ನಾನೇ ಮಾಡಿದ್ದೀನಿ. ಮದ್ದೂರಿನಲ್ಲಿರುವ ನನ್ನ ಸೋದರಮಾವ ಮಗಳ ಫೀಸಿಗೆ ಅಂತ ಕೂಡಿಟ್ಟಿದ್ದ ಕಬ್ಬಿನ ದುಡ್ಡು ಎರಡು ಲಕ್ಷ ತಂದು, "ಬೆಂಗ್ಳೂರಲ್ಲಿ ಇದ್ದೀಯ, ಓದಿದ್ದೀಯ, ಎಲ್ಲಾರ ಹಾಕ್ಸಪ್ಪ" ಅಂದರು. ನಾನು ಒಂದು ಬ್ಯಾಂಕಿನ ಷೇರಿಗೆ ಹಾಕಿಸಿದೆ. ಓದಿದ್ದು ಬರೀ ಸ್ಲೈಡು. ಅದರಲ್ಲಿ ಪ್ರಾವಿಷನ್ ಕಳೆಯುವ ಮುಂಚಿನ ಲಾಭ ದಪ್ಪಕ್ಷರದಲ್ಲಿತ್ತು. ಸಾಲ ಕೊಡೋದೇ ಕಸುಬಾದವರಿಗೆ ಸಾಲ ಕೆಡೋದೂ ಕಸುಬಿನ ಖರ್ಚೇ ಅಲ್ವಾ? ತೂರುವ ಮುಂಚೆ ರಾಶಿ ಅಳೆದಂಗೆ ಅದು. ಜೊಳ್ಳು ಹಾರಿಹೋದ ಮೇಲೆ ಷೇರು ಅರ್ಧಕ್ಕೆ ಬಂತು. ಮಾವ ಕೈಸಾಲ ಮಾಡಿ ಫೀಸು ಕಟ್ಟಿದರು. ನನಗಂದಿದ್ದು "ಹೋಗ್ಲಿ ಬುಡು" ಅನ್ನೋದಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕೋಡ್ ರಿವ್ಯೂನಲ್ಲಿ "ಫೇಲಾದ ಟೆಸ್ಟ್ ಬಿಟ್ಟರೆ ಎಲ್ಲಾ ಪಾಸು" ಅಂದ್ರೆ ನಾವು ಒಪ್ಪಲ್ಲ. ನಮ್ಮ ದುಡ್ಡಿನ ವಿಷಯದಲ್ಲಿ ಮಾತ್ರ ಒಪ್ತೀವಿ. ಅಮೆರಿಕದಲ್ಲಿ 2003ರಿಂದ ರೆಗ್ಯುಲೇಷನ್ ಜಿ ಅಂತ ಒಂದು ನಿಯಮ ಇದೆ: ಲಿಸ್ಟ್ ಆದ ಕಂಪನಿಗಳು ಹೊಂದಿಸಿದ ಅಂಕಿ ಹೇಳಿದರೆ ಅದಕ್ಕೆ ಹತ್ತಿರದ ಅಸಲಿ ಅಂಕಿಯನ್ನೂ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಹೇಗೆ ಬಂದ್ರಿ ಅಂತ ತೋರಿಸಬೇಕು. ನಮ್ಮ ಬ್ಯಾಂಕುಗಳ ಪ್ರತಿ ಸ್ಲೈಡಿನಲ್ಲೂ ನಾವು ಕೇಳಬೇಕಾದ್ದು ಇದನ್ನೇ. ಅಸಲಿ ಅಂಕಿ ಮೊದಲು, ಹೊಂದಿಸಿದ್ದು ಆಮೇಲೆ, ಅಕ್ಷರದ ಗಾತ್ರ ಒಂದೇ. ಖರ್ಚು ಬಿಡೋದಾದರೆ ಒಂದೇ ಸಲ ಬಂದ ಲಾಭವನ್ನೂ ಬಿಡಿ. ಐದು ವರ್ಷದಲ್ಲಿ 'ಒಂದೇ ಸಲ' ಅಂತ ಎಷ್ಟು ಸಲ ಅಂದಿದ್ದೀರಿ ಅನ್ನೋದೂ ಪಟ್ಟಿಯಲ್ಲಿರಲಿ.

ಅಪ್ಪ ಆ ಕ್ಯಾಲೆಂಡರಿನ ಹಿಂದೆ ಬರೆದಿದ್ದು ಹನ್ನೊಂದು ಸಾವಿರ ನಷ್ಟ ಅಂತಲೇ. ಏಳು ಸಾವಿರ ಲಾಭದ ಮಾತು ಬಾಯಲ್ಲಿ ಮಾತ್ರ.