೪೦ ಡಿಗ್ರಿಯಲ್ಲಿ ನೀರೂ ಬಿಸಿಯೇ ಸ್ವಾಮಿ!

ಬರೆದು ಬಹಳ ದಿನಗಳಾಗಿದ್ದವು. ಆಫೀಸು, ರಿಲೀಸು, ಸೋಮಾರಿತನ... ಅದೇ ಹಳೇ ನೆಪಗಳು :-) ಈ ಸಲ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಇಳಕಲ್‌ನಲ್ಲಿ ನಮ್ಮ ಕಾಕಾ ಸೀರೆ ನೇಯುತ್ತಾರೆ, ಅವರ ಮಗ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಹೊಸ ಕಂಪ್ಯೂಟರಿಗೆ ರೈಜನ್ ೭೯೫೦ಎಕ್ಸ್ ತಂದಿಟ್ಟಿದ್ದ. "ಅಣ್ಣಾ, ಇದಕ್ಕ ಕಸ್ಟಮ್ ವಾಟರ್ ಕೂಲಿಂಗ್ ಹಾಕಬೇಕಂತ ಮಾಡೇನಿ. ನಮ್ಮೂರ ಬಿಸಲಿಗೆ ನೀರ ಬೇಕ ನೋಡು" ಅಂದ. ಖರ್ಚು ನಲವತ್ತು ಸಾವಿರ. ಕಾಕಾ ಚೀಟಿ ಎತ್ತಿ ಕೊಡಲು ಒಪ್ಪಿದ್ದರು. ಕೈಯಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಬಿಡಿಭಾಗಗಳ ಪಟ್ಟಿ: ೨೪೦ ಮಿಮೀ ರೇಡಿಯೇಟರ್, ದೊಡ್ಡ ಗಾಜಿನಂಥ ರಿಸರ್ವಾಯರ್, ಪೆಟ್‌ಜಿ ಹಾರ್ಡ್ ಟ್ಯೂಬು, ಬಣ್ಣದ ದ್ರವ, ಮಿಣಮಿಣ ಫ್ಯಾನು. ಪಟ್ಟಿ ಕನ್ನಡದಲ್ಲಿತ್ತು. "ಕನ್ನಡದಾಗ ಬರದಾರಲಾ, ನಮ್ಮಂಥವ್ರಿಗೇ ಬರದಿರ್ತಾರ" ಅಂದ. ನನಗೆ ಸಿಟ್ಟು ಬಂದದ್ದು ಅಲ್ಲಿ. ಅದು ಕನ್ನಡದಲ್ಲಿತ್ತು, ಆದರೆ ಅದರ ಕೋಣೆಯ ಉಷ್ಣಾಂಶ ಯಾವುದೋ ತಂಪು ದೇಶದ್ದು.

ನೀರೆಂದರೆ ತಂಪು ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತು? ಹುನಗುಂದದ ನಮ್ಮಜ್ಜಿಯ ಮನೆಯಲ್ಲಿ ಮಣ್ಣಿನ ಹರವಿಯ ನೀರು ಮೇ ತಿಂಗಳಲ್ಲೂ ತಂಪು. ಆದರೆ ಹರವಿ ಬೆವರುತ್ತದೆ. ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಕಂಪ್ಯೂಟರಿನ ಲೂಪು ಮುಚ್ಚಿದ ಕೊಳವೆ. ಅದರ ಕೆಲಸ ಚಿಪ್ಪಿನ ಶಾಖವನ್ನು ರೇಡಿಯೇಟರಿನವರೆಗೆ ಸಾಗಿಸುವುದು, ಅಷ್ಟೇ. ಅಲ್ಲಿಂದ ಅದನ್ನು ತೆಗೆದುಕೊಳ್ಳಬೇಕಾದದ್ದು ಕೋಣೆಯ ಗಾಳಿ. ಗಾಳಿ ೪೦ ಡಿಗ್ರಿ ಇದ್ದರೆ ನೀರು ೪೦ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಎಷ್ಟೇ ದುಡ್ಡು ಸುರಿಯಿರಿ.

ಲೆಕ್ಕ ಹಾಕೋಣ. ೭೯೫೦ಎಕ್ಸ್ ಪೂರ್ತಿ ಲೋಡಿನಲ್ಲಿ ಸುಮಾರು ೨೩೦ ವ್ಯಾಟ್ ಎಳೆಯುತ್ತದೆ. ರೇಡಿಯೇಟರಿನ ಪ್ರತಿ ೧೨೦ ಮಿಮೀಗೆ ೧೦೦ ವ್ಯಾಟ್, ಆಗ ನೀರು ಕೋಣೆಗಿಂತ ಸುಮಾರು ೧೦ ಡಿಗ್ರಿ ಬಿಸಿ ಎನ್ನುವುದು ರೂಢಿಯ ಅಂದಾಜು. ಅಂದರೆ ೨೪೦ರ ರೇಡಿಯೇಟರಿನಲ್ಲಿ ೨೨ ಡಿಗ್ರಿಯ ಕೋಣೆಗೆ ನೀರು ೩೪ರ ಆಸುಪಾಸು. ನಮ್ಮ ಕೋಣೆಗೆ ೫೨! ಪೆಟ್‌ಜಿ ಟ್ಯೂಬು ೬೦ರ ಹತ್ತಿರ ಮೆತ್ತಗಾಗಲು ಶುರು. ಬಹಳಷ್ಟು ಪಂಪುಗಳ ಮಿತಿಯೂ ೬೦. ಇನ್ನು ಇಳಕಲ್ ಅಂದರೆ ಕೆಂಪು ಗ್ರಾನೈಟ್, ಗ್ರಾನೈಟ್ ಅಂದರೆ ದೂಳು. ರೇಡಿಯೇಟರಿನ ರೆಕ್ಕೆಗಳಲ್ಲಿ ಆ ದೂಳು ಕೂತ ಮೇಲೆ ಉಳಿದ ಎಂಟು ಡಿಗ್ರಿ ಎಷ್ಟು ದಿನ ಬಾಳೀತು?

"ದೊಡ್ಡ ರಿಸರ್ವಾಯರ್ ಹಾಕಿದ್ರ?" ಅಂದ ತಮ್ಮ. ಬಾದಾಮಿಯ ಅಗಸ್ತ್ಯ ತೀರ್ಥ ನೋಡಿದವರಿಗೆ ಈ ಆಸೆ ಸಹಜ. ಮೆಟ್ಟಿಲ ಕಲ್ಲು ಕಾಲು ಸುಡುವಾಗಲೂ ನೀರು ತಂಪಾಗಿರುತ್ತದೆ. ಅದು ಕೆರೆಯಷ್ಟು ನೀರು, ತೆರೆದ ಆಕಾಶದ ಕೆಳಗೆ ಆವಿಯಾಗುವ ನೀರು. ನಿಮ್ಮ ಡಬ್ಬಿಗೆ ಅರ್ಧ ಲೀಟರ್ ಹೆಚ್ಚಿಗೆ ಹಾಕಿದಿರಿ ಅನ್ನಿ. ೨೩೦ ವ್ಯಾಟ್ ಶಾಖಕ್ಕೆ ಅಷ್ಟು ನೀರು ೧೦ ಡಿಗ್ರಿ ಏರಲು ಬೇಕಾಗುವುದು ಒಂದೂವರೆ ನಿಮಿಷ. ಮದುವೆ ವಿಡಿಯೋ ರೆಂಡರ್ ಆಗುವುದು ಎರಡು ಮೂರು ತಾಸು. ರಿಸರ್ವಾಯರ್ ಇರುವುದು ನೀರು ತುಂಬಲು, ಗಾಳಿಗುಳ್ಳೆ ತೆಗೆಯಲು. ಚಿಕ್ಕದೇ ಸಾಕು.

ನಾನೇನೂ ಸಾಚಾ ಅಲ್ಲ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ನವನಗರದ ರೂಮಿನಲ್ಲಿ ನಾನೂ ಒಂದು ಲೂಪು ಕಟ್ಟಿದ್ದೆ. ತಾಮ್ರದ ಬ್ಲಾಕು, ಅಗ್ಗಕ್ಕೆ ಸಿಕ್ಕ ಅಲ್ಯೂಮಿನಿಯಂ ರೇಡಿಯೇಟರ್, ಒಳಗೆ ಮನೆಯ ಆರ್‌ಓ ನೀರು. ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ ಎಂಬ ಬುದ್ಧಿ ಆಗ ಇರಲಿಲ್ಲ. ಎಂಟು ತಿಂಗಳಿಗೆ ಬ್ಲಾಕಿನ ತುಂಬ ಬಿಳಿ ಗಸಿ, ಪಂಪು ಜಾಮ್, ಮದರ್‌ಬೋರ್ಡಿನ ಮೇಲೆ ತೊಟ್ಟಿಕ್ಕುವ ನೀರು, ಎಲ್ಲಾ ಫೈನಲ್ ಪ್ರಾಜೆಕ್ಟಿನ ವಾರದಲ್ಲೇ. ಹತ್ತಿಯ ಮೈಗೆ ರೇಷ್ಮೆಯ ಸೆರಗು ಕೂಡಿಸಿದರೆ ಇಳಕಲ್ ಸೀರೆ. ಉಪ್ಪುನೀರಿನಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂ ಕೂಡಿಸಿದರೆ ಬ್ಯಾಟರಿ! ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಇದನ್ನು ಹೇಳಿದಾಗ ಕಾಕಾ ನಕ್ಕು, "ಕೊಂಡಿ ಸಡ್ಲಾದ್ರ ಸೀರಿನೂ ಹೋಕ್ಕೈತಿ, ನಿಮ್ಮ ಮಷಿನ್ನೂ ಹೋಕ್ಕೈತಿ" ಅಂದರು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವವರಿಗೆ ಫಿಟ್ಟಿಂಗ್ ಬಗ್ಗೆ ಪಾಠ ಬೇಕಿಲ್ಲ.

ಹಾಗಾದರೆ ವಾಟರ್ ಕೂಲಿಂಗ್ ಬೇಡವೇ? ಹಟ ಇದ್ದರೆ ಮಾಡಿ, ಆದರೆ ಪಟ್ಟಿಯನ್ನು ತಿರುಗಿಸಿ. ಮೊದಲು ವ್ಯಾಟ್ ಎಣಿಸಿ. ಆಮೇಲೆ ತಾಮ್ರ-ಹಿತ್ತಾಳೆಯ ರೇಡಿಯೇಟರ್, ೨೪೦ ಕೇಳುವಲ್ಲಿ ೩೬೦. ರೆಕ್ಕೆಗಳು ವಿರಳವಾಗಿರಲಿ, ದೂಳು ಊದಿ ತೆಗೆಯಲು ಬರಬೇಕು. ಮುಂದೆ ಕಳಚಿ ತೊಳೆಯುವ ಜಾಳಿಗೆ. ಗಟ್ಟಿ ಟ್ಯೂಬಿನ ಬದಲು ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬು. ನೀರು ಎಂದರೆ ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರವ; ಬಣ್ಣ ಬೇಡ. ಕಂಪ್ಯೂಟರ್ ಆನ್ ಮಾಡುವ ಮೊದಲು ಬರೀ ಪಂಪು ಓಡಿಸಿ ೨೪ ತಾಸು ಸೋರಿಕೆ ನೋಡಿ. ಬ್ಲಾಕಿನ ಹೊಳಪು, ದೀಪ ಎಲ್ಲಾ ಕೊನೆಗೆ, ದುಡ್ಡು ಉಳಿದರೆ.

ಗಾಳಿಯ ಕೂಲರಿಗೂ ಇದೇ ೪೦ ಡಿಗ್ರಿಯ ಶಾಪ ಇದೆ, ಒಪ್ಪುತ್ತೇನೆ. ಆದರೆ ಮದುವೆ ಸೀಜನ್ನಿನಲ್ಲಿ ಫ್ಯಾನು ಕೆಟ್ಟರೆ ಬಾಗಲಕೋಟೆಗೆ ಹೋಗಿ ಸಂಜೆಯೊಳಗೆ ತರಬಹುದು. ಪಂಪು ಕೆಟ್ಟರೆ ಕೊರಿಯರ್ ದಾರಿ ಕಾಯಬೇಕು, ಅಷ್ಟರಲ್ಲಿ ಗಿರಾಕಿ ಬೇರೆಯವರ ಬಾಗಿಲಲ್ಲಿ.

ತಮ್ಮ ಕೊನೆಗೆ ಎರಡು ಫ್ಯಾನಿನ ದೊಡ್ಡ ಏರ್ ಕೂಲರ್ ಹಾಕಿಸಿದ. ಬಯಾಸ್‌ನಲ್ಲಿ ಇಕೋ ಮೋಡ್ ೧೦೫ ವ್ಯಾಟ್‌ಗೆ ಇಳಿಸಿದೆವು. ರೆಂಡರ್ ಸ್ವಲ್ಪ ತಡ, ಅಷ್ಟೇ. ಉಳಿದ ದುಡ್ಡಿನಲ್ಲಿ ಬ್ಯಾಕಪ್ಪಿಗೆ ಎರಡು ಹಾರ್ಡ್ ಡಿಸ್ಕ್ ತಂದು, ಮಿಕ್ಕಿದ್ದನ್ನು ಕಾಕಾನ ಕೈಗೆ ವಾಪಸ್ ಕೊಟ್ಟ.

ಕನ್ನಡದಲ್ಲಿ ತಂತ್ರಜ್ಞಾನ ಬರೆಯುವ ಗೆಳೆಯರೇ, ಕೇಳುವುದು ಇಷ್ಟೇ. ಪದಗಳನ್ನು ಕನ್ನಡಕ್ಕೆ ತಂದರೆ ಕೆಲಸ ಮುಗಿಯಲಿಲ್ಲ, ಬಿಸಿಲನ್ನೂ ತರಬೇಕು. ನಮ್ಮ ಭಾಷೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ನಂಬಿ ದುಡ್ಡು ಹಾಕುವವರು ಇದ್ದಾರೆ. ಮುಂದಿನ ಸಲ ಪಟ್ಟಿ ಹಾಕುವಾಗ ಮೊದಲ ಸಾಲಿನಲ್ಲಿ ನಿಮ್ಮ ಕೋಣೆ ಎಷ್ಟು ಡಿಗ್ರಿ ಇತ್ತು ಅಂತ ಬರೆಯಿರಿ. ಉಳಿದದ್ದನ್ನು ಓದುಗ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಬೈಯುವವರಿಗೂ ಸ್ವಾಗತ :-)