ಬಿಸಿಲನಾಡಿನಲ್ಲಿ ಉಕ್ಕಿನ ಆಸನಗಳು

ಯುಗಾದಿಯು ಕಳೆಯಿತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿ ಮೊದಲಾದ ಕಡೆಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರುವುದು ಪ್ರತಿವರ್ಷದ ಮಾತು. ಸರಕಾರಕ್ಕೆ ಇದು ತಿಳಿಯದ ಸಂಗತಿಯೇನಲ್ಲ. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್-ಮೇ ತಿಂಗಳುಗಳಲ್ಲಿ ಕಚೇರಿಗಳ ವೇಳೆಯನ್ನು ಮುಂಜಾನೆ 8ರಿಂದ ಮಧ್ಯಾಹ್ನ 1-30ರ ವರೆಗೆ ಬದಲಿಸುವ ಪದ್ಧತಿಯು ನಡೆದುಬಂದಿದೆ. ಇದು ವಿವೇಕದ ಕ್ರಮವೇ ಸರಿ. ಆದರೆ ಕಚೇರಿಯ ಬಾಗಿಲು ಮುಚ್ಚಿದ ಮೇಲೆ, ದೂರದ ಹಳ್ಳಿಯಿಂದ ಬಂದ ರೈತನು ಆ ಸುಡುಹೊತ್ತಿನಲ್ಲಿ ಬಸ್ಸಿಗಾಗಿ ಕಾಯಬೇಕಾದುದು ಎಲ್ಲಿ? ಎಷ್ಟೋ ಊರುಗಳಲ್ಲಿ ನೆರಳಿಲ್ಲದ ಬಯಲಿನಲ್ಲಿ ನಿಲ್ಲಿಸಿದ ಉಕ್ಕಿನ ಆಸನದ ಮೇಲೆ!

ಉಕ್ಕು ಹಾಗೂ ಮರ ಒಂದೇ ಬಿಸಿಲಿನಲ್ಲಿದ್ದರೂ ಮೈಗೆ ತಾಕಿದಾಗ ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ತುಕ್ಕು ಹಿಡಿಯದ ಉಕ್ಕು ಸಹ ಮರಕ್ಕಿಂತ ಸುಮಾರು 100 ಪಟ್ಟು ಸುಲಭವಾಗಿ ಶಾಖವನ್ನು ಹರಿಯಗೊಡುತ್ತದೆ. ಸಾಧಾರಣ ಉಕ್ಕಿನ ಮಾತಂತೂ ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಮುಟ್ಟಿದ ಕ್ಷಣವೇ ಅದು ತನ್ನೊಳಗಿನ ಶಾಖವನ್ನು ಚರ್ಮಕ್ಕೆ ಸುರಿಯುತ್ತದೆ. ಹೊಳೆಯುವ ಲೋಹವು ಬಿಸಿಲನ್ನು ಹಿಂದಕ್ಕೆ ತಳ್ಳಿ ತಂಪಾಗಿರುವುದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅದು ಹೀರಿಕೊಂಡಷ್ಟು ಶಾಖವನ್ನು ಹೊರಸೂಸುವುದರಲ್ಲಿ ಬಲು ಮಂದ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೇರಿಕೆಯ ಸಂಶೋಧಕರು 1947ರಲ್ಲಿಯೇ ತೋರಿಸಿಕೊಟ್ಟಂತೆ, 44 ಡಿಗ್ರಿಯ ಶಾಖವು ಚರ್ಮವನ್ನು ಸುಡಲು ಸುಮಾರು 6 ಗಂಟೆ ಬೇಕು. 60 ಡಿಗ್ರಿಗಾದರೆ ಕೆಲವು ಸೆಕೆಂಡುಗಳೇ ಸಾಕು. ನಮ್ಮ ಬೇಸಿಗೆಯ ನಡುಹಗಲಿನಲ್ಲಿ ಬಯಲಿನ ಲೋಹವು ಆ ಮಟ್ಟವನ್ನು ಮುಟ್ಟುವುದು ಅಪರೂಪವಲ್ಲ.

ಇದರ ಕಷ್ಟವನ್ನು ಉಣ್ಣುವವರು ಯಾರು? ನಿಂತು ಕಾಯಲು ತ್ರಾಣವಿಲ್ಲದ ಮುದುಕರು, ಬಸುರಿಯರು, ತೊಡೆಯ ಚರ್ಮವಿನ್ನೂ ಎಳೆಯದಾದ ಮಕ್ಕಳು, ಸಕ್ಕರೆ ರೋಗದಿಂದ ಸ್ಪರ್ಶಜ್ಞಾನ ಕುಂದಿ ಸುಟ್ಟದ್ದೇ ಅರಿವಾಗದವರು. 2023ರ ಜೂನ್ 11ರಂದು ಶಕ್ತಿ ಯೋಜನೆಯು ಜಾರಿಗೆ ಬಂದಂದಿನಿಂದ ಹೆಣ್ಣುಮಕ್ಕಳ ಪ್ರಯಾಣವು ಹೆಚ್ಚಿದೆ. ಟಿಕೀಟಿನ ಹಣವನ್ನು ಉಳಿಸಿಕೊಟ್ಟ ಸರಕಾರವು ಕಾಯುವ ಹೊತ್ತಿಗೆ ಕೂಡ್ರಲು ತಕ್ಕ ಸ್ಥಳವನ್ನೂ ಒದಗಿಸಬೇಕೆಂದು ಕೇಳುವುದು ಅತಿಯಾಸೆಯಾದೀತೇ?

ಉಕ್ಕು ಬಹುಕಾಲ ಬಾಳುವುದು, ಗೆದ್ದಲು ತಿನ್ನದು, ತೊಳೆಯಲು ಸುಲಭ, ಪುಂಡರು ಮುರಿಯಲಾರರು ಎಂದು ಇಂಜಿನಿಯರರು ಹೇಳುತ್ತಾರೆ. ಇದೆಲ್ಲವೂ ದಿಟ. ಆದರೆ ಹಗಲಿನಲ್ಲಿ ಯಾರೂ ಕೂಡ್ರಲಾಗದ ಆಸನವು ಎಷ್ಟು ವರ್ಷ ಬಾಳಿದರೇನು? ಸಾರ್ವಜನಿಕರ ಹಣಕ್ಕೆ ಅದರಿಂದ ಬಂದ ಪ್ರಯೋಜನವೇನು?

ನಮ್ಮ ಹಿರಿಯರು ಮೊದಲು ಬೇವನ್ನೋ ಅರಳಿಯನ್ನೋ ನೆಟ್ಟು, ಅನಂತರ ಅದರ ಸುತ್ತ ಕಟ್ಟೆ ಕಟ್ಟಿದರು. ನೆರಳು ಮೊದಲು, ಆಸನ ಆಮೇಲೆ. ಈ ಕ್ರಮವನ್ನು ನಗರಸಭೆಗಳೂ ಸಾರಿಗೆ ನಿಗಮಗಳೂ ಮತ್ತೆ ಅಂಗೀಕರಿಸಬೇಕು. ಬರುವ ಮಳೆಗಾಲದಲ್ಲಿ ನೆಟ್ಟ ಸಸಿಯು ನೆರಳು ಕೊಡಲು ಕೆಲವು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಮೇಲೊಂದು ಚಪ್ಪರವಿರಲಿ. ಈಗಿರುವ ಉಕ್ಕಿನ ಆಸನಗಳ ಮೇಲೆ ಮರದ ಪಟ್ಟಿಗಳನ್ನು ಜೋಡಿಸಬಹುದು. ಹೊಸವುಗಳಿಗೆ ನೆರಳಿನ ಅಡಿಯಲ್ಲಿ ಶಹಾಬಾದದ ಕಲ್ಲುಚಪ್ಪಡಿಯಿದೆ; ಕಲಬುರಗಿ ಜಿಲ್ಲೆಗೆ ಅದು ಮನೆಯ ಸರಕು.

ಇನ್ನೊಂದು ಸೂಚನೆ. ನೆರಳಿನ ಏರ್ಪಾಡಿಲ್ಲದೆ ಲೋಹದ ಆಸನಗಳನ್ನು ಹಾಕಕೂಡದೆಂಬ ಷರತ್ತು ಗುತ್ತಿಗೆಯ ಕರಾರಿನಲ್ಲಿಯೇ ಇರಲಿ. ಬಿಲ್ಲಿಗೆ ರುಜು ಹಾಕುವ ಅಧಿಕಾರಿಗಳು ಮೇ ತಿಂಗಳ ಒಂದು ಮಧ್ಯಾಹ್ನ 2 ಗಂಟೆಗೆ ಸ್ಥಳಕ್ಕೆ ಹೋಗಿ, ಅಂಗೈಯನ್ನು ಆ ಆಸನದ ಮೇಲೆ ಊರಿ ನೋಡಲಿ. ತಮ್ಮ ಕೈಗೆ ತಾಳದುದನ್ನು ಜನತೆಯ ಪಾಲಿಗೆ ಅವರು ಒಪ್ಪಿಸಲಾರರೆಂದು ನಾವು ನಂಬಿದ್ದೇವೆ.